ಮಂಡಿ ಲೆಕ್ಕದ ಜೊತೆ ತತ್ತ್ವಶಾಸ್ತ್ರದ ಎಂ.ಎ.: ದಾವಣಗೆರೆಯ ಒಂದು ಪ್ರಕರಣ

ಹಿನ್ನೆಲೆ

ವಿದ್ಯಾರ್ಥಿಯ ಹೆಸರು, ಊರು, ಸೇರಿದ ವಿಶ್ವವಿದ್ಯಾಲಯ ಮೂರನ್ನೂ ಇಲ್ಲಿ ಬಿಟ್ಟಿದೆ. ಪ್ರವೇಶ ಪಡೆದಾಗ ಅವರಿಗೆ 31 ವರ್ಷ. ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಶಾಲೆ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಬಿ.ಎ. ನಂತರ ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದಲ್ಲಾಳಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಬಿ.ಎ.ಯ ರಾಜ್ಯಶಾಸ್ತ್ರದ ಪಾಠದಲ್ಲಿ ಪ್ಲೇಟೋನ ನ್ಯಾಯದ ಕಲ್ಪನೆ ಓದಿದ್ದೇ ತತ್ತ್ವಶಾಸ್ತ್ರದ ಜೊತೆಗಿನ ಏಕೈಕ ಪರಿಚಯ. ಆಸಕ್ತಿ ಮಾತ್ರ ನಿಜವಾದದ್ದು, ಹತ್ತು ವರ್ಷದಿಂದ ಉಳಿದುಬಂದದ್ದು.

ಮೈಸೂರು ಮತ್ತು ಧಾರವಾಡದ ತತ್ತ್ವಶಾಸ್ತ್ರ ವಿಭಾಗಗಳನ್ನು ವಿಚಾರಿಸಿದರು. ಕೆಲಸ ಬಿಟ್ಟು ಹಾಸ್ಟೆಲ್ ಸೇರುವ ಸ್ಥಿತಿ ಮನೆಯಲ್ಲಿರಲಿಲ್ಲ. ಕೊನೆಗೆ ದೂರಶಿಕ್ಷಣ ಆರಿಸಿಕೊಂಡರು. ಒಂದು ಕೆಲಸವನ್ನು ಮೊದಲೇ ಸರಿಯಾಗಿ ಮಾಡಿದ್ದರು: ವಿಶ್ವವಿದ್ಯಾಲಯಕ್ಕೆ ಮಾತ್ರವಲ್ಲ, ಆ ವರ್ಷ ಆ ಕೋರ್ಸಿಗೇ ಯುಜಿಸಿಯ ದೂರಶಿಕ್ಷಣ ಬ್ಯೂರೊದ ಮಾನ್ಯತೆ ಇದೆಯೇ ಎಂದು ನೋಡಿಕೊಂಡಿದ್ದರು. ಮಾನ್ಯತೆ ಇದ್ದರೆ, ಯುಜಿಸಿಯ 2020ರ ನಿಯಮದಂತೆ ಆ ಪದವಿ ಕಾಲೇಜಿಗೆ ಹೋಗಿ ಓದಿದ ಪದವಿಗೆ ಸಮಾನ. ಈಗ ಸೇರುವವರು ಇನ್ನೊಂದು ಹೆಜ್ಜೆ ಇಡಬೇಕು. 2024ರಿಂದ ದೂರಶಿಕ್ಷಣಕ್ಕೆ ಸೇರಲು ಆ ಬ್ಯೂರೊದ ಗುರುತು ಸಂಖ್ಯೆ, ಡೆಬ್ ಐಡಿ, ಕಡ್ಡಾಯವಾಗಿದೆ. ಅದಕ್ಕೆ ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ದಾಖಲಿಸಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಖಾತೆ ಮೊದಲು ಇರಬೇಕು. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇನಿಶಿಯಲ್ ಇದ್ದವರು ಅರ್ಜಿಯ ಕೊನೆಯ ವಾರದವರೆಗೆ ಕಾಯದೆ ಅದನ್ನು ಮೊದಲೇ ಸರಿಪಡಿಸಿಕೊಳ್ಳಬೇಕು.

ಕೋರ್ಸು ಎರಡು ವರ್ಷದ್ದು, ಗರಿಷ್ಠ ಅವಧಿ ನಾಲ್ಕು ವರ್ಷ. ವರ್ಷಕ್ಕೆ 32 ಕ್ರೆಡಿಟ್. ಮೊದಲ ವರ್ಷ ಭಾರತೀಯ ದರ್ಶನ ಮತ್ತು ಪಾಶ್ಚಾತ್ಯ ತತ್ತ್ವಶಾಸ್ತ್ರ ತಲಾ 8 ಕ್ರೆಡಿಟ್. ತರ್ಕಶಾಸ್ತ್ರ, ನೀತಿಶಾಸ್ತ್ರ ಮತ್ತು ಇನ್ನೆರಡು ಪತ್ರಿಕೆ ತಲಾ 4. ಅಸೈನ್‌ಮೆಂಟ್‌ಗೆ 30, ಪರೀಕ್ಷೆಗೆ 70ರ ಪಾಲು. ಎರಡರಲ್ಲೂ ಪ್ರತ್ಯೇಕವಾಗಿ ಶೇ. 40 ಬರಬೇಕು. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಉತ್ತರ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆಯಬೇಕು, ಕನ್ನಡಕ್ಕೆ ಅವಕಾಶವಿಲ್ಲ.

ತೊಡಕು

ಮೊದಲ ಜೂನ್‌ನಲ್ಲಿ ಆರೂ ಪತ್ರಿಕೆಗೆ ಶುಲ್ಕ ಕಟ್ಟಿದರು, ನಾಲ್ಕನ್ನು ಬರೆದರು, ಎರಡರಲ್ಲಿ ಪಾಸಾದರು. ಭಾರತೀಯ ದರ್ಶನ 48, ನೀತಿಶಾಸ್ತ್ರ 44. ಪಾಶ್ಚಾತ್ಯ ತತ್ತ್ವಶಾಸ್ತ್ರ 33, ತರ್ಕಶಾಸ್ತ್ರ 27.

‘ಇಂಗ್ಲಿಷ್ ಸರಿಯಾಗಿ ಬರಲ್ಲ, ಅದಕ್ಕೇ ಹೀಗಾಯ್ತು ಸರ್’ ಎಂದು ಅಧ್ಯಯನ ಕೇಂದ್ರದ ಮಾರ್ಗದರ್ಶಕರ ಹತ್ತಿರ ಹೇಳಿಕೊಂಡರು. ಕನ್ನಡ ಮಾಧ್ಯಮದಿಂದ ಬಂದ ಬಹುತೇಕರು ಹೀಗೆಯೇ ಹೇಳುತ್ತಾರೆ, ಕೇಳಿದವರೂ ಒಪ್ಪಿಬಿಡುತ್ತಾರೆ. ಆ ಮಾರ್ಗದರ್ಶಕರು ಒಪ್ಪಲಿಲ್ಲ. ಮರಳಿ ಬಂದಿದ್ದ ಅಸೈನ್‌ಮೆಂಟ್‌ಗಳನ್ನು ತರಿಸಿಕೊಂಡು ಓದಿದರು. ಫ್ರೆಂಚ್ ತತ್ತ್ವಜ್ಞ ಡೆಕಾರ್ಟ್‌ನ ಸಂದೇಹ ಪದ್ಧತಿಯನ್ನು ವಿವರಿಸಿ ವಿಮರ್ಶಿಸಿ ಎಂಬ ಪ್ರಶ್ನೆಗೆ ನಾಲ್ಕು ಪುಟದ ಉತ್ತರವಿತ್ತು. ಒಂದು ಪುಟ ಡೆಕಾರ್ಟ್‌ನ ಜೀವನ, ಎರಡು ಪುಟ ಪಠ್ಯದ ಸಾರಾಂಶ, ಉಳಿದದ್ದರಲ್ಲಿ ಆತನನ್ನು ಆಧುನಿಕ ತತ್ತ್ವಶಾಸ್ತ್ರದ ಪಿತಾಮಹ ಎನ್ನುತ್ತಾರೆಂಬ ಹೊಗಳಿಕೆ. ಇಂಗ್ಲಿಷ್‌ನಲ್ಲಿ ತಪ್ಪುಗಳಿದ್ದವು, ಆದರೆ ಅರ್ಥವಾಗುತ್ತಿತ್ತು. ವಿಮರ್ಶೆ ಎಂಬುದು ಒಂದು ಸಾಲೂ ಇರಲಿಲ್ಲ.

‘ಯಾರು ಏನಂದ್ರು ಅಂತ ಚೆನ್ನಾಗಿ ಬರೆದಿದೀರಿ. ಯಾಕೆ ಅಂದ್ರು, ಆ ಕಾರಣ ನಿಲ್ಲುತ್ತಾ ಅಂತ ಎಲ್ಲಿ ಬರೆದಿದೀರಿ?’ ಎಂದು ಅವರು ಕೇಳಿದರು. ಇಡೀ ಪ್ರಕರಣ ತಿರುಗಿದ್ದು ಈ ಪ್ರಶ್ನೆಯಿಂದ. ಇತಿಹಾಸ, ರಾಜ್ಯಶಾಸ್ತ್ರದ ಪದವಿ ಪರೀಕ್ಷೆಗಳಲ್ಲಿ ಮಾಹಿತಿಯನ್ನು ಕ್ರಮವಾಗಿ ಜೋಡಿಸಿದರೆ ಅಂಕ ಸಿಗುತ್ತದೆ. ತತ್ತ್ವಶಾಸ್ತ್ರದಲ್ಲಿ ಅದೇ ಕೆಲಸ ಮಾಡಿದರೆ 40ರ ಆಸುಪಾಸಿನಲ್ಲಿ ನಿಲ್ಲುತ್ತೇವೆ. ಭಾರತೀಯ ದರ್ಶನದಲ್ಲಿ 48 ಬಂದದ್ದು ಕೂಡ ಸಂಸ್ಕೃತ ಪದಗಳು ಕನ್ನಡದ ಮೂಲಕ ಮೊದಲೇ ಕಿವಿಗೆ ಬಿದ್ದಿದ್ದರಿಂದ. ಅಲ್ಲಿಯೂ ವಾದವಿರಲಿಲ್ಲ.

ಎರಡನೆಯ ತೊಡಕು ಸಮಯದ್ದು. ಅಕ್ಟೋಬರ್‌ನಿಂದ ಜನವರಿವರೆಗೆ ಮೆಕ್ಕೆಜೋಳದ ಆವಕ. ತೂಕದ ಚೀಟಿ, ರೈತರ ಪಟ್ಟಿ, ಲಾರಿ ಬಾಡಿಗೆ, ಕಿರ್ದಿ ಎಲ್ಲ ಮುಗಿಯುವಾಗ ರಾತ್ರಿಯಾಗುತ್ತದೆ. ಆ ನಾಲ್ಕು ತಿಂಗಳು ಪುಸ್ತಕ ಮುಟ್ಟಿರಲಿಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಆರು ಅಸೈನ್‌ಮೆಂಟ್‌ಗಳನ್ನು ಒಂದರ ಮೇಲೊಂದು ಬರೆದು ಕಳಿಸಿದ್ದರು.

ಗಂಟೆಗಳ ಲೆಕ್ಕ

ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಪಾಸಾದ 12 ಕ್ರೆಡಿಟ್ ಕಳೆದರೆ ಉಳಿದದ್ದು 52, ಅಂದರೆ 1,560 ಗಂಟೆ. ಸುಗ್ಗಿ ಇಲ್ಲದ 36 ವಾರಗಳಲ್ಲಿ ಬೆಳಿಗ್ಗೆ ಒಂದೂವರೆ ಗಂಟೆಯಂತೆ ಆರು ದಿನ, ಭಾನುವಾರ ಐದು ಗಂಟೆ, ಒಟ್ಟು ವಾರಕ್ಕೆ 14. ಆವಕದ 16 ವಾರಗಳಲ್ಲಿ ಹೆಚ್ಚೆಂದರೆ 4. ವರ್ಷಕ್ಕೆ 504 ಮತ್ತು 64 ಸೇರಿ 568 ಗಂಟೆ. 1,560 ಗಂಟೆಗೆ ಸುಮಾರು ಎರಡೂ ಮುಕ್ಕಾಲು ವರ್ಷ ಬೇಕು. ಒಂದು ವರ್ಷ ಆಗಲೇ ಕಳೆದಿತ್ತು. ಗರಿಷ್ಠ ಅವಧಿಗೆ ಉಳಿದ ಸಡಿಲ ಮೂರು ತಿಂಗಳು ಮಾತ್ರ.

ಈ ಲೆಕ್ಕವನ್ನು ಪ್ರವೇಶದ ಅರ್ಜಿ ತುಂಬುವ ಮೊದಲೇ ಹಾಕಬೇಕು. ಎರಡು ವರ್ಷದ ಕೋರ್ಸನ್ನು ಎರಡು ವರ್ಷದಲ್ಲಿ ಮುಗಿಸಲು ವಾರಕ್ಕೆ ಹದಿನೆಂಟು ಗಂಟೆಗಿಂತ ಹೆಚ್ಚು ಬೇಕು. ಪೂರ್ಣಾವಧಿ ನೌಕರಿಯವರಿಗೆ ಅದು ದಕ್ಕುವುದು ಅಪರೂಪ. ಮೂರು ಅಥವಾ ಮೂರೂವರೆ ವರ್ಷದ ಯೋಜನೆ ಹಾಕಿಕೊಂಡು ಸೇರಿದವರಿಗೆ ಎರಡನೆಯ ವರ್ಷ ಮುಗಿದಾಗ ಸೋತ ಭಾವ ಬರುವುದಿಲ್ಲ.

ಮಂಡಿಯ ಮಾಲೀಕರ ಜೊತೆ ಮುಚ್ಚುಮರೆಯಿಲ್ಲದೆ ಮಾತಾಡಿದರು. ‘ಸೀಜನ್‌ನಾಗೆ ರಜ ಕೇಳ್ಬ್ಯಾಡಪ್ಪ. ಯುಗಾದಿ ಕಳೀಲಿ, ಆಮೇಲೆ ಬೇಕಾದಷ್ಟು ತಗ’ ಎಂದರು ಅವರು. ಆ ಮಾತಿನ ಮೇಲೆಯೇ ವೇಳಾಪಟ್ಟಿ ನಿಂತಿತು. ಜೂನ್‌ಗೆ 16 ಕ್ರೆಡಿಟ್‌ನ ದೊಡ್ಡ ಭಾರ. ಡಿಸೆಂಬರ್‌ಗೆ 4 ಕ್ರೆಡಿಟ್‌ನ ಒಂದೇ ಪತ್ರಿಕೆ, ಅದರ ಓದು ಗಣೇಶನ ಹಬ್ಬದ ಹೊತ್ತಿಗೆ ಮುಗಿದಿರಬೇಕು. ಆವಕದ ದಿನಗಳಲ್ಲಿ ಹೊಸದನ್ನು ಓದದೆ ಹಳೆಯದನ್ನೇ ತಿರುವಿಹಾಕುವುದು. ಕೊನೆಯ ಜನವರಿಯಿಂದ ಜೂನ್‌ವರೆಗಿನ ಅವಧಿ ಇಡಿಯಾಗಿ 8 ಕ್ರೆಡಿಟ್‌ನ ಪ್ರಬಂಧಕ್ಕೆ.

ಉತ್ತರ ಬರೆಯುವ ರೀತಿ ಬದಲಾದದ್ದು

ಮಾರ್ಗದರ್ಶಕರು ಸೂಚಿಸಿದ್ದು ಸರಳ ಕ್ರಮ. ಯಾವುದೇ ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿ, ಕನ್ನಡದಲ್ಲಿ, ಒಂದೇ ಪುಟದಲ್ಲಿ, ನಾಲ್ಕು ಸಂಗತಿ ಬರೆಯಬೇಕು: ಈ ತತ್ತ್ವಜ್ಞ ಸಾಧಿಸಹೊರಟ ಮಾತು ಯಾವುದು, ಅದಕ್ಕೆ ಕೊಟ್ಟ ಆಧಾರಗಳು ಯಾವುವು, ಯಾವ ಆಧಾರ ಸಡಿಲ, ಸಡಿಲವೆಂದರೆ ಆತ ಏನು ಉತ್ತರ ಕೊಡುತ್ತಿದ್ದ. ನಾಲ್ಕೂ ಕನ್ನಡದಲ್ಲಿ ನಿಂತ ಮೇಲೆಯೇ ಇಂಗ್ಲಿಷ್‌ಗೆ ಹೋಗುವುದು, ಅದೂ ಹನ್ನೆರಡು ಪದ ಮೀರದ ವಾಕ್ಯಗಳಲ್ಲಿ.

ಡೆಕಾರ್ಟ್‌ನ ಉತ್ತರವನ್ನೇ ಮತ್ತೆ ಬರೆಸಿದರು. ಆತನ 1641ರ ‘ಮೆಡಿಟೇಶನ್ಸ್’ (ಚಿಂತನೆಗಳು) ಕೃತಿಯ ಮೊದಲ ಚಿಂತನೆಯಲ್ಲಿ ಮೂರು ಮೆಟ್ಟಿಲುಗಳಿವೆ. ಇಂದ್ರಿಯಗಳು ಕೆಲವೊಮ್ಮೆ ಮೋಸ ಮಾಡುತ್ತವೆ, ಒಮ್ಮೆ ಮೋಸ ಮಾಡಿದ್ದನ್ನು ಪೂರ್ತಿ ನಂಬಬಾರದು. ಎಚ್ಚರವನ್ನೂ ಕನಸನ್ನೂ ಬೇರ್ಪಡಿಸುವ ಖಚಿತ ಗುರುತಿಲ್ಲ. ಸರ್ವಶಕ್ತ ವಂಚಕನೊಬ್ಬನಿದ್ದರೆ ಎರಡು ಮತ್ತು ಮೂರು ಸೇರಿ ಐದು ಎಂಬುದರಲ್ಲೂ ತಪ್ಪಿರಬಹುದು. ಎರಡನೆಯ ಚಿಂತನೆಯಲ್ಲಿ ಸಂದೇಹಕ್ಕೆ ತಡೆ ಸಿಗುತ್ತದೆ: ಮೋಸಹೋಗಲಿಕ್ಕಾದರೂ ನಾನಿರಬೇಕು. ಇಷ್ಟು ವಿವರಣೆ. ವಿಮರ್ಶೆ ಮೊದಲ ಮೆಟ್ಟಿಲಿನಿಂದಲೇ ಶುರುವಾಗಬಹುದು. ನೀರಿನಲ್ಲಿ ಕೋಲು ಡೊಂಕಾಗಿ ಕಂಡದ್ದು ತಪ್ಪು ಎಂದು ನಮಗೆ ಗೊತ್ತಾದದ್ದು ಕೈಯಿಂದ ಮುಟ್ಟಿ, ಹೊರತೆಗೆದು ನೋಡಿ, ಅಂದರೆ ಇಂದ್ರಿಯಗಳಿಂದಲೇ. ಕೆಲವೊಮ್ಮೆ ತಪ್ಪುತ್ತದೆ ಎಂಬುದರಿಂದ ಯಾವಾಗಲೂ ತಪ್ಪಬಹುದು ಎಂಬುದು ಬರುವುದಿಲ್ಲ. ಡೆಕಾರ್ಟ್ ಇದಕ್ಕೆ, ಆ ಕಾರಣಕ್ಕೇ ನಾನು ಕನಸಿನ ವಾದಕ್ಕೆ ಹೋದೆ ಎನ್ನಬಲ್ಲ. ಇಲ್ಲಿಗೆ ಬಂದಾಗ ಉತ್ತರಕ್ಕೆ ಜೀವ ಬಂತು. ಪುಟ ನಾಲ್ಕರಿಂದ ಎರಡಕ್ಕಿಳಿದಿತ್ತು.

ಒಂದು ಅಡ್ಡದಾರಿಯ ಬಗ್ಗೆ ಇಲ್ಲಿ ಎಚ್ಚರಿಸಬೇಕು. ಹಗ್ಗ–ಹಾವಿನ (ಮಬ್ಬಿನಲ್ಲಿ ಹಗ್ಗ ಹಾವಾಗಿ ಕಾಣುವ) ಉದಾಹರಣೆ ಬಲ್ಲ ನಮ್ಮ ವಿದ್ಯಾರ್ಥಿಗಳು ಡೆಕಾರ್ಟ್ ಓದಿದ ಕೂಡಲೇ ‘ಶಂಕರರೂ ಇದನ್ನೇ ಹೇಳಿದ್ದಾರೆ’ ಎಂದು ಬರೆಯುತ್ತಾರೆ. ಹೇಳಿಲ್ಲ. ಅದ್ವೈತದಲ್ಲಿ ಆ ಉದಾಹರಣೆ ಅಧ್ಯಾಸವನ್ನು, ಒಂದರ ಮೇಲೆ ಇನ್ನೊಂದನ್ನು ಆರೋಪಿಸುವುದನ್ನು, ವಿವರಿಸಲು ಬರುತ್ತದೆ; ಮುಂದಿನ ಜ್ಞಾನದಿಂದ ಹಾವು ಬಾಧಿತವಾಗುತ್ತದೆ, ಅಂದರೆ ಸುಳ್ಳೆಂದು ತಿಳಿಯುತ್ತದೆ. ಡೆಕಾರ್ಟ್‌ಗೆ ಸಂದೇಹ ಒಂದು ಸಾಧನ, ಅಲುಗದ ನೆಲ ಹುಡುಕಲು. ಎರಡನ್ನೂ ಹೋಲಿಸಬಹುದು, ವ್ಯತ್ಯಾಸ ಎಲ್ಲಿದೆ ಎಂದು ತೋರಿಸಿದರೆ ಮಾತ್ರ ಹೋಲಿಕೆಗೆ ಬೆಲೆ. ಈ ವಿದ್ಯಾರ್ಥಿಯ ಮೂರು ಅಸೈನ್‌ಮೆಂಟ್‌ಗಳಲ್ಲಿ ಇಂಥ ಅವಸರದ ಹೋಲಿಕೆಗಳಿದ್ದವು. ಮೂರನ್ನೂ ತೆಗೆಸಲಾಯಿತು.

ಪರೀಕ್ಷೆಗೆ ಮೂರು ಗಂಟೆ, ತಲಾ 20 ಅಂಕದ ಐದು ಪ್ರಶ್ನೆ. ಒಂದಕ್ಕೆ 36 ನಿಮಿಷ. ಐದು ನಿಮಿಷ ಮೇಲಿನ ನಾಲ್ಕು ಸಂಗತಿಯನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಲು, 28 ನಿಮಿಷ ಬರೆಯಲು, ಮೂರು ನಿಮಿಷ ಓದಿ ತಿದ್ದಲು. ಏಪ್ರಿಲ್‌ನಿಂದ ಪ್ರತಿ ಭಾನುವಾರ ಗಡಿಯಾರ ಇಟ್ಟುಕೊಂಡು ಎರಡು ಉತ್ತರ ಬರೆಯುತ್ತಿದ್ದರು. ಮೊದಮೊದಲು ನಾಲ್ಕನೆಯ ಸಂಗತಿಗೆ ಸಮಯವೇ ಉಳಿಯುತ್ತಿರಲಿಲ್ಲ, ಏಕೆಂದರೆ ಪೀಠಿಕೆ ಅರ್ಧ ಪುಟ ತಿನ್ನುತ್ತಿತ್ತು. ಪೀಠಿಕೆಯನ್ನು ಎರಡು ವಾಕ್ಯಕ್ಕೆ ಕಟ್ಟಿಹಾಕಿದ ಮೇಲೆ ಸರಿಹೋಯಿತು.

ಓದುವ ಸಾಮಗ್ರಿಗೆ ಹಣ ಖರ್ಚಾಗಲಿಲ್ಲ. ಇ-ಜ್ಞಾನಕೋಶ, ಇ-ಪಿಜಿ ಪಾಠಶಾಲಾ, ಸ್ಟ್ಯಾನ್‌ಫರ್ಡ್ ತತ್ತ್ವಶಾಸ್ತ್ರ ವಿಶ್ವಕೋಶ ಮೂರೂ ಉಚಿತ ಜಾಲತಾಣಗಳು. ಕೊನೆಯದರ ಲೇಖನಗಳು ಉದ್ದ ಮತ್ತು ಕಠಿಣ. ಮೊದಲ ಸಲಕ್ಕೆ ಪೀಠಿಕೆ ಮತ್ತು ಬೇಕಾದ ಒಂದು ಉಪವಿಭಾಗ ಓದಿದರೆ ಸಾಕು.

ತರ್ಕಶಾಸ್ತ್ರ

27 ಅಂಕ ಬಂದಿದ್ದ ಈ ಪತ್ರಿಕೆಯೇ ಮೊದಲ ಡಿಸೆಂಬರ್‌ಗೆ ಆಯ್ಕೆಯಾಯಿತು. ಕಾರಣ ಸ್ಪಷ್ಟ. ಇದರಲ್ಲಿ ಇಂಗ್ಲಿಷ್ ಗದ್ಯ ಕಡಿಮೆ, ಉತ್ತರ ಸರಿಯೋ ತಪ್ಪೋ ಎಂದು ತಾವೇ ಪರೀಕ್ಷಿಸಿಕೊಳ್ಳಬಹುದು. ಮೊದಲ ಸಲ ಸೋತದ್ದು ಇದನ್ನು ಕಥೆಪುಸ್ತಕದಂತೆ ಓದಿದ್ದರಿಂದ. ಈ ಸಲ ದಿನಕ್ಕೆ ಹತ್ತು ಲೆಕ್ಕ, ಕೈಯಲ್ಲೇ ಬಿಡಿಸಬೇಕು. ದಿನವಿಡೀ ಜಮಾ–ಖರ್ಚು ಸರಿತೂಗಿಸುವ ಮನುಷ್ಯನಿಗೆ ಸತ್ಯಕೋಷ್ಟಕ, ಅಂದರೆ ಹೇಳಿಕೆಗಳು ಸತ್ಯವೋ ಸುಳ್ಳೋ ಎಂಬ ಎಲ್ಲ ಸಾಧ್ಯತೆಗಳ ಪಟ್ಟಿ, ಬೇಗ ಒಲಿಯಿತು. ಮೂರು ಚಲಗಳಿದ್ದರೆ (ಹೇಳಿಕೆಗಳ ಬದಲು ಬರೆಯುವ ಅಕ್ಷರಗಳು) 8 ಸಾಲು, ನಾಲ್ಕಿದ್ದರೆ 16. ಒಂದು ಸಾಲು ತಪ್ಪಿದರೆ ಇಡೀ ತೀರ್ಮಾನ ಕೆಡುತ್ತದೆ.

ಕಾಡಿದ್ದು ಎರಡು ಕಡೆ. ‘ಮಳೆ ಬಂದರೆ ಬೆಳೆ ಬರುತ್ತದೆ’ ಮತ್ತು ‘ಮಳೆ ಬಂದರೆ ಮಾತ್ರ ಬೆಳೆ ಬರುತ್ತದೆ’ ಎರಡನ್ನೂ ಒಂದೇ ಚಿಹ್ನೆಯಲ್ಲಿ ಬರೆಯುತ್ತಿದ್ದರು. ಮೊದಲನೆಯದರಲ್ಲಿ ಬಾಣ ಮಳೆಯಿಂದ ಬೆಳೆಗೆ, ಎರಡನೆಯದರಲ್ಲಿ ಬೆಳೆಯಿಂದ ಮಳೆಗೆ. ಬೆಳೆ ಬಂದಿದೆ ಎಂದರೆ ಮಳೆ ಬಂದಿರಲೇಬೇಕು, ಆದರೆ ಮಳೆ ಬಂದೂ ಹುಳು ಬಿದ್ದು ಬೆಳೆ ಹೋಗಬಹುದು. ಇನ್ನೊಂದು, ಸಿಂಧುತ್ವ (ವಾದದ ಕಟ್ಟು ಸರಿಯಿರುವುದು) ಮತ್ತು ಸತ್ಯದ ಗೊಂದಲ. ‘ದಾವಣಗೆರೆಯವರೆಲ್ಲ ದಲ್ಲಾಳಿಗಳು, ಈತ ದಾವಣಗೆರೆಯವನು, ಆದ್ದರಿಂದ ಈತ ದಲ್ಲಾಳಿ’ ಎಂಬ ವಾದ ಸಿಂಧು, ಮೊದಲ ಆಧಾರ ಸುಳ್ಳು. ಆಧಾರ ಸುಳ್ಳಾಗಿದ್ದೂ ವಾದದ ಕಟ್ಟು ಸರಿಯಿರಬಹುದು ಎಂಬುದನ್ನು ಒಪ್ಪಲು ಅವರಿಗೆ ವಾರಗಳೇ ಬೇಕಾದವು. ಒಪ್ಪಿದ ಮೇಲೆ ಪಾಶ್ಚಾತ್ಯ ತತ್ತ್ವಶಾಸ್ತ್ರದ ಉತ್ತರಗಳೂ ಸುಧಾರಿಸಿದವು, ಏಕೆಂದರೆ ಆಧಾರವನ್ನು ಟೀಕಿಸುತ್ತಿದ್ದೇನೋ ಕಟ್ಟನ್ನು ಟೀಕಿಸುತ್ತಿದ್ದೇನೋ ಎಂದು ಹೇಳಲು ಬಂತು. ನ್ಯಾಯದರ್ಶನದ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಅನುಮಾನದ ಐದು ಅವಯವಗಳನ್ನೂ (ವಾದದ ಭಾಗಗಳನ್ನೂ) ಈ ಹಂತದಲ್ಲಿ ಮತ್ತೆ ಓದಿಸಿದ್ದು ಒಳ್ಳೆಯದಾಯಿತು. ಡಿಸೆಂಬರ್‌ನಲ್ಲಿ 61 ಬಂತು. ಮರುವರ್ಷದ ಜೂನ್‌ನಲ್ಲಿ ಪಾಶ್ಚಾತ್ಯ ತತ್ತ್ವಶಾಸ್ತ್ರ 52. ಉಳಿದ ಪತ್ರಿಕೆಗಳು ಯೋಜನೆಯಂತೆ ದಾಟಿದವು.

ಪ್ರಬಂಧದ ವಿಷಯ

ಮೊದಲು ಕಳಿಸಿದ ವಿಷಯ ‘ಅದ್ವೈತ ವೇದಾಂತ ಮತ್ತು ಆಧುನಿಕ ಭೌತವಿಜ್ಞಾನ’. ತಿರಸ್ಕಾರವಾಯಿತು, ಆಗಬೇಕಾದದ್ದೇ. ಅದರಲ್ಲಿ ಪ್ರಶ್ನೆಯಿರಲಿಲ್ಲ, ಭೌತವಿಜ್ಞಾನವನ್ನು ಪರಿಶೀಲಿಸುವ ಗಣಿತ ವಿದ್ಯಾರ್ಥಿಗೆ ಬರುತ್ತಿರಲಿಲ್ಲ. ಎರಡನೆಯದು ವಚನಗಳ ಜ್ಞಾನಮೀಮಾಂಸೆ, ಅಂದರೆ ಜ್ಞಾನದ ಬಗ್ಗೆ ವಚನಗಳ ವಿಚಾರ. ಸಮಗ್ರ ವಚನ ಸಂಪುಟವೇ 15 ಸಂಪುಟ. ಒಬ್ಬ ವಚನಕಾರರಿಗೆ, ಒಂದು ಪ್ರಶ್ನೆಗೆ ಇಳಿಸದಿದ್ದರೆ ಆರು ತಿಂಗಳಲ್ಲಿ ಆಗದ ಕೆಲಸ.

ಮೂರನೆಯದು ಅವರು ಶಾಲೆ ಓದಿದ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಕಿರು ಬಂಡೆ ಶಾಸನಗಳು. 1892ರಲ್ಲಿ ಶಾಸನ ಸಂಶೋಧಕ ಬಿ.ಎಲ್. ರೈಸ್ ಬೆಳಕಿಗೆ ತಂದವು. ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಮಹಾಮಾತ್ರರಿಗೆ (ಅಧಿಕಾರಿಗಳಿಗೆ) ಹೋದ ಆಜ್ಞೆ. ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳ ಬಗ್ಗೆ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆಯಬೇಕು ಎನ್ನುತ್ತದೆ. ಗಾತ್ರ ಚಿಕ್ಕದು, ಪಠ್ಯ ಪೂರ್ತಿ ಕೈಗೆ ಸಿಗುತ್ತದೆ. ಎಂ.ಎ. ಪ್ರಬಂಧಕ್ಕೆ ಇದಕ್ಕಿಂತ ಹದವಾದ ವಸ್ತು ಸಿಗುವುದು ಕಷ್ಟ.

ಆದರೂ ಮೊದಲ ಕರಡು ದಾರಿ ತಪ್ಪಿತು. ಮೌರ್ಯರ ಇತಿಹಾಸ, ಉತ್ಖನನ, ಬೆಟ್ಟದ ವರ್ಣನೆ ಸೇರಿ ಇಪ್ಪತ್ತೆರಡು ಪುಟ. ‘ಇದು ಇತಿಹಾಸದ ಪ್ರಬಂಧ ಆಯ್ತಲ್ಲ. ನಿಮ್ಮ ಪ್ರಶ್ನೆ ಯಾವುದು?’ ಎಂದರು ಮಾರ್ಗದರ್ಶಕರು. ಎರಡು ವಾರದ ನಂತರ ಪ್ರಶ್ನೆ ಹೀಗೆ ರೂಪುಗೊಂಡಿತು: ಈ ಕರ್ತವ್ಯಗಳನ್ನು ಪಾಲಿಸಬೇಕು ಎನ್ನಲು ಶಾಸನ ಕೊಡುವ ಕಾರಣ ಯಾವುದು? ಶಾಸನವೇ ಎರಡು ಮಾತು ಹೇಳುತ್ತದೆ, ಇದು ಪುರಾತನ ರೀತಿ ಮತ್ತು ಇದು ದೀರ್ಘಾಯುಷ್ಯಕ್ಕೆ ದಾರಿ. ಮೊದಲ ಭಾಗದಲ್ಲಿ, ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಪ್ರಯತ್ನದಿಂದ ಸ್ವರ್ಗ ಪಡೆಯಬಲ್ಲರು ಎಂಬ ಇನ್ನೊಂದು ಕಾರಣವಿದೆ. ಹಾಗಾದರೆ ಇಲ್ಲಿನ ನೀತಿ ಸಂಪ್ರದಾಯದ ಮೇಲೆ ನಿಂತಿದೆಯೋ, ಫಲದ ಮೇಲೋ? ಹಿಂದಿನಿಂದ ನಡೆದುಬಂದಿದೆ ಎಂಬ ಸಂಗತಿಯಿಂದ ಹೀಗೆಯೇ ನಡೆಯಬೇಕು ಎಂಬುದು ಹೇಗೆ ಬರುತ್ತದೆ ಎಂದು ಹ್ಯೂಮ್‌ನ ಓದುಗ ಕೇಳುತ್ತಾನೆ. ಫಲಕ್ಕಾಗಿ ಮಾಡಿದ್ದಕ್ಕೆ ನೈತಿಕ ಬೆಲೆಯಿದೆಯೇ ಎಂದು, ನೀತಿಯ ಬುನಾದಿಯ ಬಗ್ಗೆ ಕ್ಯಾಂಟ್ ಬರೆದ 1785ರ ಕೃತಿ ಓದಿದವನು ಕೇಳುತ್ತಾನೆ. ದಯೆ, ಸತ್ಯ, ಗೌರವ ಎಂಬ ಗುಣಗಳಿಗೇ ಶಾಸನ ಒತ್ತು ಕೊಡುವುದರಿಂದ, ಸದ್ಗುಣಗಳಿಂದಲೇ ನೀತಿಯನ್ನು ವಿವರಿಸಿದ ಅರಿಸ್ಟಾಟಲ್‌ನ ದಾರಿಯಲ್ಲೂ ಓದಬಹುದೇ ಎಂಬುದು ಕೊನೆಯ ಅಧ್ಯಾಯವಾಯಿತು.

ಇತಿಹಾಸದ ಇಪ್ಪತ್ತೆರಡು ಪುಟ ಆರಕ್ಕಿಳಿಯಿತು. ಶಾಸನದ ಭಾಷೆಯಾದ ಪ್ರಾಕೃತ ತಮಗೆ ಬಾರದೆಂದೂ, ಪಠ್ಯಕ್ಕೆ ಹುಲ್ಟ್ಜ್‌ರ 1925ರ ಆವೃತ್ತಿಯನ್ನು ಆಧರಿಸಿದ್ದಾಗಿಯೂ ಪೀಠಿಕೆಯಲ್ಲೇ ಹೇಳಿದರು. ಮೌಖಿಕ ಪರೀಕ್ಷೆಯಲ್ಲಿ ಭಾಷೆಯ ಬಗ್ಗೆ ಎತ್ತಿದ ಆಕ್ಷೇಪಕ್ಕೆ ಆ ಒಂದು ಸಾಲೇ ಉತ್ತರವಾಯಿತು. ಬೆಟ್ಟಕ್ಕೆ ಹೋಗಿಬಂದದ್ದು ಉತ್ಸಾಹಕ್ಕೆ ಒದಗಿತು, ವಾದಕ್ಕೆ ಏನನ್ನೂ ಸೇರಿಸಲಿಲ್ಲ.

ಫಲಿತಾಂಶ ಮತ್ತು ಮುಂದಿನದು

ನಾಲ್ಕನೆಯ ವರ್ಷದ ಜೂನ್‌ಗೆ ಪದವಿ ಮುಗಿಯಿತು. ಒಟ್ಟು ಶೇ. 57. ಕಾಲೇಜು ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್ ಬರೆಯಲು ಸಾಮಾನ್ಯ ವರ್ಗಕ್ಕೆ ಸ್ನಾತಕೋತ್ತರದಲ್ಲಿ ಶೇ. 55 ಬೇಕು, ಮೀಸಲಾತಿಯ ಬಹುತೇಕ ವರ್ಗಗಳಿಗೆ ಶೇ. 50. ಪಾಸಿನ 40ಕ್ಕೂ ಈ 55ಕ್ಕೂ ನಡುವಿನ ಅಂತರವನ್ನು ದೂರಶಿಕ್ಷಣದ ವಿದ್ಯಾರ್ಥಿಗಳು ತಡವಾಗಿ ಗಮನಿಸುತ್ತಾರೆ. ಈ ಪ್ರಕರಣದಲ್ಲಿ ಮೊದಲ ಜೂನ್‌ನ 44 ಮತ್ತು 48 ಕೊನೆಯವರೆಗೂ ಒಟ್ಟನ್ನು ಕೆಳಗೆ ಎಳೆದವು. ತರ್ಕಶಾಸ್ತ್ರ ಮತ್ತು ಪ್ರಬಂಧದ ಅಂಕಗಳಿಂದ ಗೆರೆ ದಾಟಲು ಸಾಧ್ಯವಾಯಿತು. ಮೊದಲ ವರ್ಷ ಹೇಗಾದರೂ ಪಾಸಾದರೆ ಸಾಕು ಎಂದು ಓದುವುದು ಅಪಾಯದ ತೀರ್ಮಾನ.

ನೆಟ್‌ನ ಮೊದಲ ಪ್ರಯತ್ನದಲ್ಲಿ ಅರ್ಹತೆ ಸಿಗಲಿಲ್ಲ. ಮೂರು ಗಂಟೆಯಲ್ಲಿ 150 ಪ್ರಶ್ನೆ, ಮೊದಲ ಪತ್ರಿಕೆಗೆ 100 ಅಂಕ, ತತ್ತ್ವಶಾಸ್ತ್ರಕ್ಕೆ 200. ಋಣಾಂಕ ಇಲ್ಲ, ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಅವರು ಹದಿನೇಳು ಬಿಟ್ಟಿದ್ದರು. ಇನ್ನೊಂದು ಕಾರಣ, ಎಂ.ಎ.ಗಾಗಿ ಆಯ್ದ ತತ್ತ್ವಜ್ಞರನ್ನು ಆಳವಾಗಿ ಓದಿದ್ದು ಅಲ್ಲಿ ಸಾಲದು. ಯಾವ ದರ್ಶನ ಎಷ್ಟು ಪ್ರಮಾಣ (ಜ್ಞಾನದ ಸಾಧನ) ಒಪ್ಪುತ್ತದೆ, ಯಾವ ಖ್ಯಾತಿವಾದ (ಭ್ರಮೆಯ ವಿವರಣೆ) ಯಾರದು ಎಂಬಂಥ ಹರಹಿನ ತಿಳಿವಳಿಕೆ ಬೇಕು. ಚಾರ್ವಾಕರಿಗೆ ಪ್ರತ್ಯಕ್ಷ ಒಂದೇ, ಸಾಂಖ್ಯರಿಗೆ ಮೂರು, ನೈಯಾಯಿಕರಿಗೆ ನಾಲ್ಕು, ಭಾಟ್ಟ ಮೀಮಾಂಸಕರಿಗೂ ಅದ್ವೈತಿಗಳಿಗೂ ಆರು ಎಂಬ ಬಗೆಯ ಕೋಷ್ಟಕಗಳನ್ನು ಈಗ ತಯಾರಿಸಿಕೊಳ್ಳುತ್ತಿದ್ದಾರೆ. ಮಂಡಿಯ ಕೆಲಸ ಮುಂದುವರಿದಿದೆ. ಎರಡನೆಯ ಪ್ರಯತ್ನವನ್ನು ಆವಕ ಇಲ್ಲದ ಜೂನ್‌ನ ಸರದಿಗೇ ಇಟ್ಟುಕೊಂಡಿದ್ದಾರೆ.